ಪಂಪ್ ಆಕ್ಷನ್ ಕೋವಿಯಲ್ಲಿ ತೋಟಾ ಸಿಕ್ಕಿಕೊಂಡರೆ: ಮಲೆನಾಡಿನ ಕೋವಿದಾರರಿಗೆ ದೋಷ ನಿವಾರಣೆ ಕೈಪಿಡಿ

ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟದ ಮನೆಗಳಲ್ಲಿ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಕೋವಿ ಎಂದರೆ ಬಹುಕಾಲ ಜೋಡುನಳಿಗೆಯೇ. ನಳಿಗೆ ಮಡಿಸಿ, ಎರಡು ತೋಟಾ ಕೈಯಾರೆ ಇಟ್ಟು, ಮುಚ್ಚಿದರೆ ಮುಗಿಯಿತು; ಸಿಕ್ಕಿಕೊಳ್ಳಲು ಅಲ್ಲಿ ಜಾಗವೇ ಇಲ್ಲ. ಪಂಪ್ ಆಕ್ಷನ್ ಕೋವಿಯ ಲೆಕ್ಕ ಬೇರೆ. ಮುಂಗೈಯಲ್ಲಿ ಹಿಡಿಯುವ ಪಂಪ್ ಹಿಡಿಯನ್ನು ಹಿಂದೆ ಮುಂದೆ ಜಾರಿಸಿದಾಗ, ನಳಿಗೆಯ ಅಡಿಯ ಕೊಳವೆಯಿಂದ ಹೊರಟ ತೋಟಾ ಹಿಂದಕ್ಕೆ ಸರಿದು, ಮೇಲೆದ್ದು, ಮತ್ತೆ ಮುಂದಕ್ಕೆ ಹೋಗಿ ಚೇಂಬರ್, ಅಂದರೆ ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಗೂಡು, ಸೇರಬೇಕು. ಈ ಪುಟ್ಟ ಹಾದಿಯಲ್ಲಿ ಅದು ಎಲ್ಲಿ ಬೇಕಾದರೂ ನಿಲ್ಲಬಹುದು. ನಿಂತ ಕೂಡಲೇ ಹೆಚ್ಚಿನವರು ಪಂಪ್ ಹಿಡಿಯನ್ನು ಇನ್ನಷ್ಟು ಬಲವಾಗಿ ಎಳೆದಾಡುತ್ತಾರೆ. ಎಣ್ಣೆ ಒರೆಸಿದರೆ ಸರಿಹೋಗುತ್ತಿದ್ದ ದೋಷ ಆಗ ಬಾಗಿದ ಲ್ಯಾಚು (ಕೊಳವೆಯಲ್ಲಿ ತೋಟಾ ತಡೆದು ನಿಲ್ಲಿಸುವ ಅಗುಳಿ), ತಿರುಚಿದ ಸಲಾಕೆ ಆಗಿಬಿಡುತ್ತದೆ. ತೋಟಾ ನಿಂತ ಜಾಗವೇ ದೋಷ ಯಾವುದೆಂದು ಹೇಳುತ್ತದೆ. ಆ ಜಾಗವನ್ನು ಕಣ್ಣಾರೆ ನೋಡಿಕೊಳ್ಳುವ ಮುನ್ನ ಕೋವಿಯ ಮೇಲೆ ಬಲ ಹಾಕಬೇಡಿ. ಈ ಬರಹದಲ್ಲಿ ಮುಂದೆ ಬರುವುದೆಲ್ಲ ಇದೊಂದು ಮಾತಿನ ಮೇಲೆ ನಿಂತಿದೆ.

ಮೊದಲು ಕೋವಿ ಖಾಲಿಯಾಗಲಿ

ಸಿಕ್ಕಿಕೊಂಡ ಕೋವಿ ತುಂಬಿದ ಕೋವಿಯೇ. ನಳಿಗೆಯ ಬಾಯಿ ಜನ, ಜಾನುವಾರು, ಮನೆ ಇಲ್ಲದ ಕಡೆಗಿರಲಿ; ಬೆರಳು ಟ್ರಿಗರ್‌ನಿಂದ ದೂರವಿರಲಿ; ಸೇಫ್ಟಿ ಹಾಕಿರಲಿ. ಸೇಫ್ಟಿ ಹಾಕಿದೆ ಎಂಬ ಧೈರ್ಯದಲ್ಲಿ ಮೊದಲ ಎರಡನ್ನು ಸಡಿಲಿಸಬಾರದು. ಹೆಚ್ಚಿನ ಮಾದರಿಗಳಲ್ಲಿ ಅದು ಟ್ರಿಗರನ್ನು ತಡೆಯುವ ಒಂದು ಸಣ್ಣ ಗುಂಡಿ, ಅಷ್ಟೇ.

ಪಂಪ್ ಹಿಡಿಯನ್ನು ನಿಧಾನವಾಗಿ ಹಿಂದಕ್ಕೆ ತಂದು ಚೇಂಬರ್‌ನಲ್ಲಿರುವ ತೋಟಾ ತೆಗೆಯಿರಿ. ಕೊಳವೆಯಲ್ಲಿ ಉಳಿದವುಗಳನ್ನು ಒಂದೊಂದಾಗಿ ಚೇಂಬರ್‌ಗೆ ನುಗ್ಗಿಸಿ ಹೊರಹಾಕುವ ಅಗತ್ಯವಿಲ್ಲ. ಹೆಚ್ಚಿನ ಮಾದರಿಗಳಲ್ಲಿ ಕೋವಿಯನ್ನು ಬೋರಲು ಹಿಡಿದು, ಕೆಳಗಿನ ಕಿಂಡಿಯಿಂದ ಬೆರಳು ತೂರಿಸಿ ಲ್ಯಾಚ್ ಒತ್ತಿದರೆ ಒಂದೊಂದೇ ತೋಟಾ ಕೈಗೆ ಬರುತ್ತದೆ. ಅದಾದ ಮೇಲೆ ಮೂರು ಜಾಗಗಳನ್ನು ನೋಡಿ, ಬೆರಳಿನಿಂದ ಮುಟ್ಟಿಯೂ ಖಚಿತಪಡಿಸಿಕೊಳ್ಳಿ: ಚೇಂಬರ್, ತೋಟಾ ಎತ್ತುವ ಲಿಫ್ಟರ್ ತಟ್ಟೆ, ಕೊಳವೆಯ ಬಾಯಿ. ಮೂರನೆಯದನ್ನೇ ಜನ ಮರೆಯುವುದು. ಸ್ಪ್ರಿಂಗ್ ಸಿಕ್ಕಿಕೊಂಡಿದ್ದರೆ ಕೊಳವೆಯ ಒಳಗೆ, ಕಣ್ಣಿಗೆ ಬೀಳದಷ್ಟು ಮುಂದೆ, ತೋಟಾ ಉಳಿದಿರಬಹುದು. ಫಾಲೋವರ್‌ನ ಹಿಂಬದಿ, ಅಂದರೆ ಸ್ಪ್ರಿಂಗಿನ ತುದಿಯ ಟೋಪಿ, ಕೊಳವೆಯ ಬಾಯಲ್ಲಿ ಕಾಣಿಸಬೇಕು. ಕಾಣಿಸದಿದ್ದರೆ ಕೋವಿ ಖಾಲಿಯಾಗಿಲ್ಲ ಎಂದೇ ತಿಳಿಯಿರಿ.

ತೆಗೆದ ತೋಟಾಗಳನ್ನು ಬೇರೆ ಕೋಣೆಯಲ್ಲಿಟ್ಟು ಬನ್ನಿ. ಮನೆಯೊಳಗೆ, ಅಂಗಳದಲ್ಲಿ ಜೀವಂತ ತೋಟಾ ಹಾಕಿ ಪಂಪ್ ಮಾಡಿ ನೋಡುವ ಅಭ್ಯಾಸವನ್ನು ಯಾವ ಕಾರಣಕ್ಕೂ ಒಪ್ಪಲಾಗದು. ಪರೀಕ್ಷೆಗೆ 12 ಬೋರ್‌ನ ಡಮ್ಮಿ, ಅಂದರೆ ಮದ್ದಿಲ್ಲದ, ತೋಟಾಗಳನ್ನು ಕೋವಿ ಅಂಗಡಿಯಿಂದ ತರಿಸಿಕೊಳ್ಳಿ. ಸುಟ್ಟ ಖಾಲಿ ತೋಟಾಗಳನ್ನು ಡಮ್ಮಿಯಾಗಿ ಬಳಸಿದರೆ ದಾರಿ ತಪ್ಪುತ್ತೀರಿ: ಬಾಯಿ ಬಿಚ್ಚಿಕೊಂಡು ಉದ್ದವಾಗಿರುವ ಖಾಲಿ ತೋಟಾ ಸರಿಯಿರುವ ಕೋವಿಯಲ್ಲಿಯೂ ಸಿಕ್ಕಿಕೊಳ್ಳುತ್ತದೆ.

ತೋಟಾ ಸಾಗುವ ಹಾದಿ

ಪಂಪ್ ಹಿಡಿಯನ್ನು ಹಿಂದಕ್ಕೆ ಎಳೆದಾಗ ಬೋಲ್ಟ್, ಅಂದರೆ ಚೇಂಬರನ್ನು ಹಿಂದಿನಿಂದ ಮುಚ್ಚುವ ಉಕ್ಕಿನ ತುಂಡು, ಬೀಗ ಬಿಚ್ಚಿಕೊಂಡು, ಎಕ್ಸ್‌ಟ್ರ್ಯಾಕ್ಟರ್ ಕೊಕ್ಕೆ ಸುಟ್ಟ ತೋಟಾದ ಅಂಚನ್ನು ಹಿಡಿದು ಎಳೆದು ತರುತ್ತದೆ. ಇಜೆಕ್ಟರ್ ಅದನ್ನು ಪಕ್ಕಕ್ಕೆ ಚಿಮ್ಮಿಸುತ್ತದೆ. ಎಳೆತದ ಕಟ್ಟಕಡೆಯಲ್ಲಿ, ಹಿಡಿಗೆ ಸೇರಿದ ಸಲಾಕೆ ಒಂದು ಲ್ಯಾಚನ್ನು ಒತ್ತಿ ಸರಿಸುತ್ತದೆ. ಆಗ ಕೊಳವೆಯಿಂದ ಒಂದು ತೋಟಾ ಲಿಫ್ಟರ್ ಮೇಲೆ ಬಂದು ಕೂರುತ್ತದೆ. ಅದೇ ಹೊತ್ತಿಗೆ ಎದುರು ಬದಿಯ ಇನ್ನೊಂದು ಲ್ಯಾಚ್ ಒಳಬಂದು, ಪಡಿತರ ಅಂಗಡಿಯ ಸಾಲಿನಲ್ಲಿ ಒಬ್ಬರನ್ನು ಬಿಟ್ಟು ಮುಂದಿನವರಿಗೆ ಕೈ ಅಡ್ಡ ಹಿಡಿದಂತೆ, ಎರಡನೇ ತೋಟಾವನ್ನು ತಡೆಯುತ್ತದೆ. ಹಿಡಿಯನ್ನು ಮುಂದಕ್ಕೆ ನೂಕಿದಾಗ ಲಿಫ್ಟರ್ ಏಳುತ್ತದೆ, ಬೋಲ್ಟ್ ತೋಟಾವನ್ನು ಚೇಂಬರ್‌ಗೆ ತಳ್ಳಿ ಬೀಗ ಹಾಕಿಕೊಳ್ಳುತ್ತದೆ. ತೋಟಾ ಬಿಡುಗಡೆಯಾಗುವುದು ಎಳೆತದ ಕೊನೆಯಲ್ಲಿ ಮಾತ್ರ ಎಂಬುದನ್ನು ನೆನಪಿಟ್ಟುಕೊಂಡರೆ ಅರ್ಧ ದೋಷಗಳು ತಾವಾಗಿ ಅರ್ಥವಾಗುತ್ತವೆ.

ಕೆಟ್ಟಿದೆ ಎನಿಸುವ, ಆದರೆ ಕೆಡದ ಕೋವಿ

ಜೋಡುನಳಿಗೆಯಿಂದ ಪಂಪ್ ಆಕ್ಷನ್‌ಗೆ ಬಂದವರು ಮೊದಲು ಹೇಳುವ ದೂರು, “ಹಿಡಿ ಅಲ್ಲಾಡುವುದೇ ಇಲ್ಲ” ಎಂಬುದು. ಬೋಲ್ಟ್ ಮುಚ್ಚಿ ಕುದುರೆ (ಈಡು ಹಾರಿಸುವ ಒಳಗಿನ ಸುತ್ತಿಗೆ) ಎದ್ದಿರುವಾಗ ಹಿಡಿ ಅಲ್ಲಾಡಬಾರದು, ಅದು ಬೀಗ. ಈಡು ಹಾರಿದ ಮೇಲೆ ತಾನಾಗಿ ಬಿಡುತ್ತದೆ, ಇಲ್ಲವೇ ಟ್ರಿಗರ್ ಸುತ್ತಲಿನ ಕಾವಲು ಬಳೆಯ ಹತ್ತಿರವೋ ಅದರ ಹಿಂದೆಯೋ ಇರುವ ಗುಂಡಿಯನ್ನು ಒತ್ತಿ ಬಿಡಿಸಬೇಕು. ಗುಂಡಿ ಯಾವ ಬದಿಗಿದೆ ಎಂಬುದು ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ಅದನ್ನು ಕತ್ತಲಲ್ಲಿಯೂ ಬೆರಳು ಹುಡುಕುವಷ್ಟು ರೂಢಿ ಮಾಡಿಕೊಳ್ಳಿ. ಹಿಡಿ ಬಿಗಿಯಾಗಿದೆ ಎಂದು ಕೋವಿಯ ಹಿಂಬದಿಯನ್ನು ನೆಲಕ್ಕೆ ಕುಟ್ಟುವವರನ್ನು ಕಂಡರೆ ತಡೆಯಿರಿ. ಚೇಂಬರ್‌ನಲ್ಲಿ ತೋಟಾ ಇರುವ ಕೋವಿಯ ಬಾಯಿ ಆಗ ಕುಟ್ಟುವವನ ಮುಖದ ಕಡೆಗೇ ಇರುತ್ತದೆ.

ಎರಡನೆಯದು ಅರೆಎಳೆತ. ಹಿಡಿ ಮುಕ್ಕಾಲು ಭಾಗ ಹಿಂದೆ ಬಂದರೆ ಸುಟ್ಟ ತೋಟಾ ಚಿಮ್ಮಿಹೋಗಬಹುದು, ಆದರೆ ಲ್ಯಾಚ್ ಬಿಡುವುದಿಲ್ಲ. ಮುಂದಕ್ಕೆ ನೂಕಿದಾಗ ಬೋಲ್ಟ್ ಖಾಲಿ ಚೇಂಬರ್ ಮೇಲೆ ಮುಚ್ಚಿಕೊಳ್ಳುತ್ತದೆ, ಟ್ರಿಗರ್ ಎಳೆದರೆ ಬರೀ ‘ಟಿಕ್’. ಇನ್ನೂ ಕಡಿಮೆ ಎಳೆದರೆ ಸುಟ್ಟ ತೋಟಾ ಕಿಂಡಿಯಲ್ಲಿ ಅಡ್ಡ ನಿಲ್ಲುತ್ತದೆ. ಜೋರುಮಳೆಯಲ್ಲಿ, ಕಂಬಳಿ ಕೊಪ್ಪೆ ಹೊದ್ದು, ಒದ್ದೆ ಕೈಯಲ್ಲಿ ಕೋವಿ ಹಿಡಿದವನಿಗೆ ಇದು ಸಹಜ. ಕೈ ಚಿಕ್ಕದಿರುವವರಿಗೆ, ಕೋವಿಯ ಹಿಂಬದಿ ಉದ್ದವಾಗಿರುವವರಿಗೆ ಇನ್ನೂ ಸಹಜ. ಪರೀಕ್ಷೆ ಸುಲಭ: ಡಮ್ಮಿ ತುಂಬಿ, ಹಿಡಿಯನ್ನು ಹಿಂದೆ ತಗಲುವವರೆಗೆ ಎಳೆದು, ಮುಂದೆ ತಗಲುವವರೆಗೆ ನೂಕಿ. ಹೀಗೆ ಮಾಡಿದಾಗ ಪ್ರತಿ ಸಲವೂ ಸರಿಯಾಗಿ ಬಂದರೆ ಕೋವಿಯಲ್ಲಿ ದೋಷವಿಲ್ಲ. ಸವೆತಕ್ಕೆ ಹೆದರಿ ಹಿಡಿಯನ್ನು ಮೆಲ್ಲಗೆ, ಮುದ್ದಾಗಿ ಆಡಿಸುವವರಲ್ಲಿಯೇ ಈ ದೋಷ ಹೆಚ್ಚು. ಪಂಪ್ ಆಕ್ಷನ್ ಕೋವಿಯನ್ನು ಮಾಡಿರುವುದೇ ದೃಢವಾಗಿ ಆಡಿಸಲೆಂದು.

ತೋಟಾ ಕೊಳವೆಯಿಂದ ಹೊರಬರುತ್ತಿಲ್ಲ

ಎಳೆತ ಪೂರ್ತಿಯಾಗಿದ್ದೂ ಲಿಫ್ಟರ್ ಖಾಲಿ ಉಳಿದರೆ ಕೊಳವೆಯನ್ನು ಅನುಮಾನಿಸಿ. ಹಾಸನ, ಚಿಕ್ಕಮಗಳೂರು ಎಂಬ ನಮ್ಮ ಎರಡು ಜಿಲ್ಲೆಗಳ ಹವೆ ಹೆಚ್ಚು ಕೆಲಸ ಮಾಡುವುದು ಇಲ್ಲಿಯೇ. ಕೊಟ್ಟಿಗೆಹಾರ, ಹಾನುಬಾಳು, ಬಿಸಿಲೆ ಬದಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗೇ ಬೂಷ್ಟು ಹಿಡಿಯುವಾಗ ಉಕ್ಕಿನ ಕೊಳವೆ ಸುಮ್ಮನಿರುವುದಿಲ್ಲ. ಅರಸೀಕೆರೆ, ಕಡೂರು ಕಡೆಯಲ್ಲಿ ತುಕ್ಕಿಗಿಂತ ದೂಳು ಹೆಚ್ಚು ಕಾಟ ಕೊಡುತ್ತದೆ. ಹೊರಗಿನಿಂದ ಹೊಳೆಯುವ ಎಷ್ಟೋ ಕೋವಿಗಳ ಕೊಳವೆಯ ಒಳಮೈಯನ್ನು ಮಾಲೀಕರು ಕೊಂಡ ದಿನದಿಂದ ನೋಡಿರುವುದಿಲ್ಲ.

ಕೊಳವೆ ಬಿಚ್ಚುವ ಮುನ್ನ ಒಂದು ವಿಷಯ ಗಮನಿಸಿ: ಯಾವ ತೋಟಾ ನಿಲ್ಲುತ್ತಿದೆ? ಮೊದಲಿನವೆಲ್ಲ ಸರಿಯಾಗಿ ಬಂದು, ಕೊನೆಯದೊಂದು ಮಾತ್ರ ಸೋಮಾರಿಯಾಗಿ ಬರುತ್ತಿದ್ದರೆ ಸ್ಪ್ರಿಂಗ್ ಸೋತಿದೆ. ಕೊನೆಯ ತೋಟಾವನ್ನು ತಳ್ಳುವಾಗ ಸ್ಪ್ರಿಂಗ್ ಬಹುಪಾಲು ಬಿಚ್ಚಿಕೊಂಡಿರುವುದರಿಂದ ಅದರ ಬಲ ಅಲ್ಲಿ ಅತಿ ಕಡಿಮೆ. ಯಾವಾಗಲೂ ಒಂದೇ ಲೆಕ್ಕದ ತೋಟಾ, ಹೇಳಿ ಎರಡನೆಯದೇ, ನಿಲ್ಲುತ್ತಿದ್ದರೆ ಕೊಳವೆಯಲ್ಲಿ ತಗ್ಗು ಬಿದ್ದಿದೆ. ಜೀಪಿನ ಹಿಂಬದಿಯಲ್ಲಿ ಗುದ್ದಲಿ, ಕತ್ತಿಗಳ ಜೊತೆ ಬಿದ್ದುಕೊಂಡು ಹೋಗುವ ಕೋವಿಗೆ ಇಂಥ ತಗ್ಗು ಬೀಳುವುದು ಕಷ್ಟವಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣದೂ ಫಾಲೋವರನ್ನು ಹಿಡಿಯುತ್ತದೆ. ಒಂದು ದಿನ ಮೊದಲನೆಯದು, ಇನ್ನೊಂದು ದಿನ ಮೂರನೆಯದು ಎಂದು ಅಂಕೆಯಿಲ್ಲದೆ ನಿಲ್ಲುತ್ತಿದ್ದರೆ ಕೊಳೆ, ತುಕ್ಕು, ಅಥವಾ ಎಣ್ಣೆ.

ಖಾಲಿ ಕೋವಿಯ ಕೊಳವೆಯೊಳಗೆ ಮೊಂಡುತುದಿಯ ಮರದ ಕೋಲಿನಿಂದ ಫಾಲೋವರನ್ನು ಮೆಲ್ಲಗೆ ಒತ್ತಿ, ಬಿಡಿ. ಒಂದೇ ಸಮ ಒತ್ತಡದಲ್ಲಿ ಹೋಗಿ, ಒಂದೇ ಉಸಿರಿಗೆ ಹಿಂದಿರುಗಬೇಕು. ಮಧ್ಯೆ ಎಡವಿದ ಜಾಗವನ್ನು ಕೋಲಿನ ಮೇಲೆ ಗುರುತು ಹಾಕಿಕೊಳ್ಳಿ. ಎರಡನೇ, ಮೂರನೇ ಸಲವೂ ಅದೇ ಗುರುತಿನಲ್ಲಿ ಎಡವಿದರೆ ತಗ್ಗು. ಗುರುತು ಬದಲಾಗುತ್ತಿದ್ದರೆ ಕೊಳೆ.

ಕೊಳವೆಯ ಮುಂದಿನ ಮುಚ್ಚಳ ತೆಗೆಯುವಾಗ ಎಚ್ಚರ. ಒತ್ತಿಟ್ಟ ಸ್ಪ್ರಿಂಗ್ ಚಿಮ್ಮಿ ಕಣ್ಣಿಗೆ ಹೊಡೆಯುತ್ತದೆ, ಕನ್ನಡಕ ಹಾಕಿಕೊಳ್ಳಿ, ಹೆಬ್ಬೆರಳನ್ನು ಅಡ್ಡ ಇಟ್ಟುಕೊಂಡು ಬಿಡಿ. ಹೊರಬಂದ ಸ್ಪ್ರಿಂಗನ್ನು ಕೊಳವೆಯ ಪಕ್ಕದಲ್ಲಿ ಮಲಗಿಸಿ ಅಳೆಯಿರಿ. ಕೊಳವೆಗಿಂತ ಸುಮಾರು ಒಂದು ಗೇಣಾದರೂ ಉದ್ದ ಮಿಗಬೇಕು. ಮಿಗದಿದ್ದರೆ ಎಳೆದು ಉದ್ದ ಮಾಡಬೇಡಿ. ಎಳೆದ ಸ್ಪ್ರಿಂಗ್ ಕೆಲವೇ ದಿನಗಳಲ್ಲಿ ಮತ್ತೆ ಕುಗ್ಗುತ್ತದೆ. ಹೊಸದು ಹಾಕಿಸಿ. ವಿದೇಶಿ ಕೋವಿಗಳ ಕೊಳವೆಯಲ್ಲಿ ಕೆಲವೊಮ್ಮೆ ತೋಟಾದ ಸಂಖ್ಯೆ ಕಡಿಮೆ ಮಾಡಲು ಇಟ್ಟ ಮರದ ಗೂಟ ಸಿಗುತ್ತದೆ. ಮಳೆಗಾಲದಲ್ಲಿ ಈ ಗೂಟ ಉಬ್ಬಿಕೊಂಡು ಸ್ಪ್ರಿಂಗನ್ನು ಉಜ್ಜುತ್ತದೆ. ಇದ್ದರೆ ಕೋವಿ ರಿಪೇರಿಯವರಿಗೆ ತೋರಿಸಿ.

ಈಗ ಎಣ್ಣೆಯ ಮಾತು, ಏಕೆಂದರೆ ನಮ್ಮಲ್ಲಿ ಕೋವಿಗಳು ಹೆಚ್ಚು ಕೆಡುವುದು ಪ್ರೀತಿಯಿಂದ ಹಚ್ಚಿದ ಎಣ್ಣೆಯಿಂದಲೇ. ಕೊಬ್ಬರಿ ಎಣ್ಣೆ ಕೋವಿಗೆ ಬೇಡವೇ ಬೇಡ. ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಕಾಫಿ ಕೊಯ್ಲಿನ ಕಾಲದ ಬೆಳಗಿನ ಚಳಿ ಅದಕ್ಕಿಂತ ಎಷ್ಟೋ ಕೆಳಗಿರುತ್ತದೆ. ಮಧ್ಯಾಹ್ನ ಸರಾಗವಾಗಿ ಆಡಿದ ಕೋವಿ ಬೆಳಗ್ಗೆ ಆರಕ್ಕೆ ಮುಷ್ಕರ ಹೂಡಿದರೆ ಮೊದಲು ಕೇಳಬೇಕಾದ ಪ್ರಶ್ನೆ, ಯಾವ ಎಣ್ಣೆ ಹಚ್ಚಿದಿರಿ ಎಂಬುದು. ಹರಳೆಣ್ಣೆಯಂಥ ಇತರ ಅಡುಗೆಮನೆಯ, ಕೊಟ್ಟಿಗೆಯ ಎಣ್ಣೆಗಳೂ ಕಾಲಕ್ರಮೇಣ ಅಂಟುಅಂಟಾಗುತ್ತವೆ. ಲ್ಯಾಚ್‌ನ ಹಿಂದೆ ಕಂದುಬಣ್ಣದ ಜಿಗುಟು ಪದರವಾಗಿ ಕುಳಿತ ಎಣ್ಣೆಯನ್ನು ಬೆರಳಿನ ಉಗುರಿನಿಂದ ಕೆರೆದು ತೆಗೆಯಬಹುದು. ಮೇಣದಂತಿರುವ ಆ ಪದರ ಒಂದು ಲ್ಯಾಚನ್ನು ಅರೆತೆರೆದ ಸ್ಥಿತಿಯಲ್ಲಿ ನಿಲ್ಲಿಸಲು ಸಾಕು. ಸೀಮೆಎಣ್ಣೆಯಲ್ಲಿ ಅದ್ದಿದ ಬ್ರಷ್‌ನಿಂದ ತೊಳೆದು, ಒಣಬಟ್ಟೆಯಿಂದ ಪೂರ್ತಿ ಒರೆಸಿ, ಹೊಲಿಗೆ ಯಂತ್ರಕ್ಕೆ ಹಾಕುವಂಥ ತೆಳು ಖನಿಜ ಎಣ್ಣೆಯನ್ನು ತೋರಿಯೂ ತೋರದಂತೆ ಸವರಿ. ಕೊಳವೆಯ ಒಳಗೆ ಒಂದು ಹನಿ ಬಟ್ಟೆಯ ಮೇಲೆ ಹಾಕಿ ಎಳೆದರೆ ಸಾಕು. ಅಲ್ಲಿ ಎಣ್ಣೆ ನಿಂತರೆ ದೂಳು ಹಿಡಿಯುವುದಷ್ಟೇ ಅಲ್ಲ, ತೋಟಾದ ಬುಡದಲ್ಲಿ ಮದ್ದಿಗೆ ಕಿಡಿ ಹಚ್ಚುವ ಕೇಪಿನೊಳಗೆ ಇಳಿದು ಅದನ್ನು ಕೆಡಿಸಲೂಬಹುದು.

ಎರಡು ತೋಟಾ ಒಟ್ಟಿಗೆ ಬಂದರೆ

ಲಿಫ್ಟರ್ ಮೇಲೆ ಒಂದರ ಹಿಂದೊಂದು ಎರಡು ತೋಟಾ ತುರುಕಿಕೊಂಡಿದ್ದರೆ, ಎರಡನೆಯದನ್ನು ತಡೆಯಬೇಕಾದ ಲ್ಯಾಚ್ ಸಮಯಕ್ಕೆ ಒಳಬಂದಿಲ್ಲ. ಅಂಟು ಎಣ್ಣೆಯಾಗಿದ್ದರೆ ಮೇಲೆ ಹೇಳಿದಂತೆ ತೊಳೆದರೆ ಮುಗಿಯಿತು. ತೊಳೆದ ಮೇಲೂ ಬಂದರೆ ಲ್ಯಾಚ್ ಸವೆದಿದೆ ಅಥವಾ ಬಾಗಿದೆ. ದಯವಿಟ್ಟು ಅರ ಹಿಡಿಯಬೇಡಿ, ಇಕ್ಕಳದಿಂದ ಬಾಗಿಸಬೇಡಿ. ಈ ಎರಡು ಸಣ್ಣ ಲ್ಯಾಚ್‌ಗಳ ಹೊಂದಾಣಿಕೆ ಕೂದಲೆಳೆಯಷ್ಟು ಸೂಕ್ಷ್ಮ. ಒಮ್ಮೆ ತಪ್ಪಿದರೆ ಇಂದು ಎರಡು ಬಿಡುವ ಕೋವಿ ನಾಳೆ ಒಂದನ್ನೂ ಬಿಡುವುದಿಲ್ಲ. ಕೆಲವು ಮಾದರಿಗಳಲ್ಲಿ ಟ್ರಿಗರ್ ಗುಂಪನ್ನು ತೆಗೆದ ಕೂಡಲೇ ಲ್ಯಾಚ್‌ಗಳು ತಾವಾಗಿ ಕಳಚಿ ಬೀಳುತ್ತವೆ, ಇನ್ನು ಕೆಲವದರಲ್ಲಿ ಅವನ್ನು ರಿಸೀವರ್‌ನ, ಅಂದರೆ ಬೋಲ್ಟ್ ಓಡಾಡುವ ಪೆಟ್ಟಿಗೆಯ, ಗೋಡೆಗೆ ಜಜ್ಜಿ ಕೂರಿಸಿರುತ್ತಾರೆ. ನಿಮ್ಮದು ಯಾವ ಬಗೆ ಎಂದು ಕಂಪನಿಯ ಕೈಪಿಡಿ ನೋಡದೆ ಪಿನ್ನು ಹೊಡೆಯಬಾರದು.

ಇದರ ಇನ್ನೊಂದು ರೂಪ, ಬೋಲ್ಟ್ ಮುಚ್ಚಿರುವಾಗಲೇ ತೋಟಾ ಕೊಳವೆಯಿಂದ ಜಾರಿ ಬೋಲ್ಟ್‌ನ ಅಡಿಗೆ, ಲಿಫ್ಟರ್ ಮೇಲೆ ಬಂದು ಸೇರುವುದು. ಆಗ ಹಿಡಿ ಹಿಂದಕ್ಕೂ ಬರುವುದಿಲ್ಲ. ತುಂಬುವಾಗ ತೋಟಾವನ್ನು ‘ಟಕ್’ ಎಂದು ಲ್ಯಾಚ್ ಹಿಡಿಯುವವರೆಗೆ ಹೆಬ್ಬೆರಳಿನಿಂದ ಒತ್ತದಿರುವುದು ಇದಕ್ಕೆ ಸಾಮಾನ್ಯ ಕಾರಣ. 1950ರಲ್ಲಿ ಮಾರುಕಟ್ಟೆಗೆ ಬಂದ ರೆಮಿಂಗ್ಟನ್ ಕಂಪನಿಯ 870 ಎಂಬ ಪಂಪ್ ಆಕ್ಷನ್ ಮಾದರಿಯ ಹಳೆಯ ಕೋವಿಗಳಲ್ಲಿ ಲಿಫ್ಟರ್ ಇಡೀ ತಟ್ಟೆಯಾಗಿತ್ತು. ಈ ತೊಂದರೆಯನ್ನು ಬಿಡಿಸಲೆಂದೇ ಕಂಪನಿ ಮುಂದೆ ಅದರಲ್ಲಿ ಸೀಳು ಬಿಟ್ಟು, ‘ಫ್ಲೆಕ್ಸಿಟ್ಯಾಬ್’ ಎಂಬ ಬಾಗುವ ನಾಲಗೆ ಇರುವ ಲಿಫ್ಟರ್ ತಂದಿತು. ಸೀಳಿರುವ ತಟ್ಟೆಯಲ್ಲಿ ಹಿಡಿಯನ್ನು ಹಿಂದಕ್ಕೆ ತರಬಹುದು. ಇಡೀ ತಟ್ಟೆಯಿದ್ದು ಚೇಂಬರ್‌ನಲ್ಲಿಯೂ ತೋಟಾ ಇದ್ದರೆ ಅದು ಮನೆಯಲ್ಲಿ ಬಿಡಿಸುವ ಗಂಟಲ್ಲ, ರಿಪೇರಿಯವರನ್ನೇ ಕರೆಸಿ.

ಚೇಂಬರ್‌ನ ಬಾಗಿಲಲ್ಲಿ ನಿಂತರೆ

ತೋಟಾ ಲಿಫ್ಟರ್ ಮೇಲೆ ಬಂದು, ಎದ್ದು, ಚೇಂಬರ್ ಬಾಯಿಗೆ ಮೂತಿ ಒತ್ತಿ ನಿಂತಿದ್ದರೆ ಅಥವಾ ಕೊನೆಯ ಕಾಲಿಂಚು ಒಳಹೋಗದೆ ಉಳಿದಿದ್ದರೆ, ಕೋವಿಗಿಂತ ಮೊದಲು ತೋಟಾವನ್ನು ನೋಡಿ. ಕಾಗದದ ಕವಚದ ತೋಟಾಗಳು ತೇವ ಹೀರಿ ಉಬ್ಬುತ್ತವೆ. ಪ್ಲಾಸ್ಟಿಕ್ ಕವಚ ಉಬ್ಬುವುದಿಲ್ಲ, ಆದರೆ ಅದರ ಲೋಹದ ಬುಡಕ್ಕೆ ಹಸಿರು ಕಿಲುಬು, ತುಕ್ಕಿನ ಗಂಟು ಬರುತ್ತದೆ. ಅನುಮಾನವಿರುವ ಪೆಟ್ಟಿಗೆಯನ್ನು ಪರೀಕ್ಷಿಸಲು ನಳಿಗೆಯನ್ನು ಕೋವಿಯಿಂದ ಪೂರ್ತಿ ಬೇರ್ಪಡಿಸಿ. ನಳಿಗೆಯ ಬಾಯನ್ನು ಕೆಳಗೆ ಮಾಡಿ ಹಿಡಿದು ತೋಟಾವನ್ನು ಚೇಂಬರ್‌ಗೆ ಬಿಡಿ. ತನ್ನ ತೂಕಕ್ಕೇ ಇಳಿದು, ಬುಡದ ಅಂಚು ಅದರ ತೋಡಿನಲ್ಲಿ ಸಮನಾಗಿ ಕೂರಬೇಕು. ನಳಿಗೆ ಮಗುಚಿದರೆ ತಾನಾಗಿ ಕೈಗೆ ಬೀಳಬೇಕು. ಬೆರಳಿನಿಂದ ಒತ್ತಬೇಕಾದ ತೋಟಾವನ್ನು ಬದಿಗಿಡಿ. ಒಂದೂ ಸರಿಯಾಗಿ ಇಳಿಯದಿದ್ದರೆ ಚೇಂಬರ್‌ನಲ್ಲಿಯೇ ತುಕ್ಕು ಅಥವಾ ಸುಟ್ಟ ಪ್ಲಾಸ್ಟಿಕ್‌ನ ಪದರವಿದೆ, ಕಂಚಿನ ಬ್ರಷ್‌ನಿಂದ ಉಜ್ಜಿ.

ಉದ್ದದ ವಿಷಯದಲ್ಲಿ ಅಲಕ್ಷ್ಯ ಬೇಡ. ತೋಟಾದ ಮೇಲೆ ಬರೆದ 65, 70 ಅಥವಾ 76 ಮಿಲಿಮೀಟರ್ ಎಂಬುದು ಸುಟ್ಟ ಮೇಲೆ ಬಾಯಿ ಬಿಚ್ಚಿಕೊಂಡಾಗಿನ ಉದ್ದ. ಮಡಿಚಿದ ಸ್ಥಿತಿಯಲ್ಲಿ 76ರ ತೋಟಾ 70ರ ಚೇಂಬರ್‌ಗೆ ಸಲೀಸಾಗಿ ಹೋಗಿಬಿಡಬಹುದು. ಹಾರಿಸಿದಾಗ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಅಪಾಯದ ಮಟ್ಟಕ್ಕೇರುತ್ತದೆ. ಒಳಗೆ ಹೋಯಿತಲ್ಲ ಎಂಬುದು ಸರಿಯೆನ್ನಲು ಆಧಾರವಲ್ಲ. ನಳಿಗೆಯ ಮೇಲೆ ಕೊರೆದಿರುವ ಉದ್ದವನ್ನು ಓದಿ, ಅದಕ್ಕೆ ತಕ್ಕದ್ದನ್ನೇ ಕೊಳ್ಳಿ. ಅಜ್ಜನ ಕಾಲದ ಜೋಡುನಳಿಗೆ 65ರದ್ದು, ಹೊಸ ಪಂಪ್ 70 ಅಥವಾ 76ರದ್ದು ಎಂಬಂತೆ ಒಂದೇ ಮನೆಯಲ್ಲಿ ಎರಡು ಕೋವಿಗಳಿದ್ದರೆ ತೋಟಾಗಳನ್ನು ಬೇರೆ ಬೇರೆ ಪೆಟ್ಟಿಗೆಯಲ್ಲಿ, ಹೆಸರು ಬರೆದು ಇಡಿ. 20 ಬೋರ್‌ನ ತೋಟಾ 12 ಬೋರ್ ಕೋವಿಯ ಹತ್ತಿರವೂ ಸುಳಿಯಬಾರದು. ಅದು ಚೇಂಬರ್ ದಾಟಿ ನಳಿಗೆಯೊಳಗೆ ಸಿಕ್ಕಿಕೊಳ್ಳುತ್ತದೆ, ಹಿಂದಿನಿಂದ 12ರ ತೋಟಾ ಹಾಕಿ ಹಾರಿಸಿದರೆ ನಳಿಗೆ ಸಿಡಿಯುತ್ತದೆ.

ಸುಟ್ಟ ತೋಟಾ ಹೊರಬರದಿದ್ದರೆ

ಬೋಲ್ಟ್ ಹಿಂದೆ ಬಂದು ಸುಟ್ಟ ತೋಟಾ ಚೇಂಬರ್‌ನಲ್ಲಿಯೇ ಉಳಿದರೆ ಅದರ ಬುಡದ ಅಂಚನ್ನು ನೋಡಿ. ಅಂಚು ಹರಿದಿದ್ದರೆ ಚೇಂಬರ್ ಒರಟಾಗಿದೆ ಅಥವಾ ತೋಟಾ ಕಳಪೆ. ಅಂಚು ಹಾಗೇ ಇದ್ದರೆ ಎಕ್ಸ್‌ಟ್ರ್ಯಾಕ್ಟರ್ ಕೊಕ್ಕೆಯ ಅಡಿಯಲ್ಲಿ ಕೊಳೆ ತುಂಬಿದೆ ಅಥವಾ ಅದರ ಸ್ಪ್ರಿಂಗ್ ಸೋತಿದೆ. ಹಲ್ಲುಜ್ಜುವ ಹಳೆಯ ಬ್ರಷ್ಷು, ಸೀಮೆಎಣ್ಣೆ ಇಲ್ಲಿಗೆ ಸಾಕು. ಚೇಂಬರ್‌ನಿಂದ ಹೊರಬಂದರೂ ಚಿಮ್ಮದೆ ಉಳಿದರೆ ಅರೆಎಳೆತ ಅಥವಾ ಇಜೆಕ್ಟರ್. ಕೊಳವೆಯ ಮುಂದಿನ ಮುಚ್ಚಳ ಸಡಿಲವಾಗಿ ನಳಿಗೆ ಕೊಂಚ ಮುಂದೆ ಸರಿದಿದ್ದರೂ ಹೀಗಾಗುತ್ತದೆ, ಅದನ್ನೊಮ್ಮೆ ಬಿಗಿಮಾಡಿ ನೋಡಿ.

ಸದ್ದು ಬದಲಾದರೆ ಪಂಪ್ ಮಾಡಬೇಡಿ

ಟ್ರಿಗರ್ ಎಳೆದಾಗ ಏನೂ ಆಗದಿದ್ದರೆ ನಳಿಗೆಯನ್ನು ಅಪಾಯವಿಲ್ಲದ ಕಡೆಗೇ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯಿರಿ. ತೇವ ಹಿಡಿದ ತೋಟಾ ತಡವಾಗಿ ಹೊತ್ತಿಕೊಳ್ಳಬಹುದು. ‘ಢಂ’ ಎನ್ನುವ ಬದಲು ‘ಫುಸ್’ ಎಂದರೆ ಇನ್ನೂ ಎಚ್ಚರ. ಮದ್ದು ಸರಿಯಾಗಿ ಉರಿಯದೆ, ವ್ಯಾಡ್ (ಮದ್ದಿಗೂ ಚರೆಗೂ ನಡುವಿನ ಬಿರಡೆ) ನಳಿಗೆಯ ಮಧ್ಯದಲ್ಲಿ ಕುಳಿತಿರಬಹುದು. ಪಂಪ್ ಆಕ್ಷನ್ ಕೋವಿಯಲ್ಲಿ ಕೈ ತಾನಾಗಿ ಮುಂದಿನ ತೋಟಾ ಎಳೆದುಬಿಡುತ್ತದೆ, ಅಪಾಯ ಇರುವುದೇ ಅಲ್ಲಿ. ಕೋವಿಯನ್ನು ಪೂರ್ತಿ ಖಾಲಿ ಮಾಡಿ, ನಳಿಗೆ ಬಿಚ್ಚಿ, ಚೇಂಬರ್ ಕಡೆಯಿಂದ ಬೆಳಕಿಗೆ ಹಿಡಿದು ನೋಡಿ. ತಿಂಗಳುಗಟ್ಟಲೆ ಗೋಡೆಗೆ ಒರಗಿದ್ದ ಕೋವಿಯನ್ನು ಹೊರತೆಗೆದಾಗಲೂ ಹೀಗೆ ನೋಡುವುದು ಕಡ್ಡಾಯ. ಕುಂಬಾರ ಹುಳ ನಳಿಗೆಯೊಳಗೆ ಮಣ್ಣಿನ ಗೂಡು ಕಟ್ಟಿರುತ್ತದೆ. ಚುನಾವಣೆಯ ಹೊತ್ತಿನಲ್ಲಿ ಠೇವಣಿ ಇಟ್ಟು ಮರಳಿ ಪಡೆದ ಕೋವಿಗೂ ಇದೇ ತಪಾಸಣೆ.

ರಿಪೇರಿಗೆ ಕೊಡುವಾಗ

ಸ್ಪ್ರಿಂಗ್, ಲ್ಯಾಚ್, ಎಕ್ಸ್‌ಟ್ರ್ಯಾಕ್ಟರ್ ಬದಲಿಸುವುದು, ಕೊಳವೆಯ ತಗ್ಗು ತೆಗೆಯುವುದು ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಕೆಲಸ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಕೋವಿ ರಿಪೇರಿಗೂ ಲೈಸೆನ್ಸ್ ಬೇಕು. ಊರಿನ ಲೇತ್ ಅಂಗಡಿಯವರು ಎಷ್ಟೇ ಕುಶಲರಾಗಿರಲಿ, ಅವರ ಕೈಗೆ ಕೋವಿ ಕೊಟ್ಟರೆ ಅವರನ್ನೂ ತೊಂದರೆಗೆ ಸಿಕ್ಕಿಸುತ್ತೀರಿ. ನಿಮ್ಮ ಲೈಸೆನ್ಸ್ ಪುಸ್ತಕ ಜೊತೆಗಿರಲಿ, ಕೋವಿ ಖಾಲಿಯಾಗಿರಲಿ, ಚೀಲದಲ್ಲಿರಲಿ.

“ಸಿಕ್ಕಿಕೊಳ್ಳುತ್ತದೆ, ನೋಡಿ” ಎಂದಷ್ಟೇ ಹೇಳಿ ಬಿಟ್ಟುಬಂದರೆ ಅವರು ಮೊದಲಿನಿಂದ ಹುಡುಕಬೇಕು. ಒಂದು ಚೀಟಿ ಬರೆದುಕೊಡಿ: ತೋಟಾದ ಕಂಪನಿ ಮತ್ತು ಉದ್ದ, ಕಾಗದವೋ ಪ್ಲಾಸ್ಟಿಕ್ಕೋ, ಕೊಳವೆಯಲ್ಲಿ ಎಷ್ಟು ತುಂಬಿದ್ದಿರಿ, ಎಷ್ಟನೆಯದು ನಿಂತಿತು, ನಿಂತ ಜಾಗ ಕೊಳವೆಯೋ, ಲಿಫ್ಟರ್‌ನ ಮೇಲೋ, ಚೇಂಬರ್ ಬಾಯೋ, ಡಮ್ಮಿ ಹಾಕಿದಾಗಲೂ ಹಾಗೇ ಆಯಿತೇ, ಯಾವ ಎಣ್ಣೆ ಹಚ್ಚುತ್ತೀರಿ. ಅಂಚು ಹರಿದ ಸುಟ್ಟ ತೋಟಾ ಇದ್ದರೆ ಎಸೆಯದೆ ಆ ಚೀಟಿಯ ಜೊತೆಗೇ ಕೊಡಿ.